ಡೊಳ್ಳಿನ ಸದ್ದು, ಭವನದ ಗೋಡೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು. ಸಂಪಾದಕ ಮಂಡಳಿಯವರ ಅಪೇಕ್ಷೆಯಂತೆ ಬರೆದು ಕೊಟ್ಟಿದ್ದೇನೆ.)



ಬೆಳಿಗ್ಗೆಯಿಂದ ಕನಿಷ್ಠ ಇಪ್ಪತ್ತು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದೀರಿ. 'ಹೊಸ ಭವನ ಚಂದ ಐತಿ, ಆದ್ರ ಹಿಂದಿನ ಗೋಡಿಗೆ ಕೌದಿ ಯಾಕ ನೇತು ಹಾಕೀರಿ? ಬಣ್ಣ ಹಚ್ಚಾಕ ರೊಕ್ಕ ಸಾಲಲಿಲ್ಲೇನು?' ಒಬ್ಬ ಅಜ್ಜಿಯಂತೂ ತಾನು ಹೊಲಿದ ಕೌದಿಯನ್ನು ಗುರುತು ಹಿಡಿದು, ಅದನ್ನು ಬಿಸಿಲಿಗೆ ಹಾಕಿದ್ದೇವೆ ಎಂದುಕೊಂಡು, ಸಂಜೆ ಮಡಚಿ ಕೊಡಲು ಹೇಳಿ ಹೋಗಿದ್ದಾರೆ. ಇವತ್ತು ನನಗೆ ಕೊಟ್ಟ ವಿಷಯ 'ತಂತ್ರಜ್ಞಾನ ಮತ್ತು ಗ್ರಾಮೀಣ ಶಿಕ್ಷಣ'. ಅದನ್ನು ಬಿಟ್ಟು ಈ ಕೌದಿಗಳ ವಿಷಯವನ್ನೇ ಹೇಳುತ್ತೇನೆ. ಅದಕ್ಕೆ ಮೊದಲು ಡೊಳ್ಳಿನ ವಿಷಯ ಹೇಳಬೇಕು. ಅಧ್ಯಕ್ಷರು ಕ್ಷಮಿಸಬೇಕು.

ನಾನು 2004ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲೆಯ ಡೊಳ್ಳಿನ ತಂಡದಲ್ಲಿದ್ದೆ. ನಮಗೆ ಕಲಿಸುತ್ತಿದ್ದವರು ಬೀರದೇವರ ಗುಡಿಯ ಡೊಳ್ಳಿನ ಮೇಳದ ಹಿರಿಯರೊಬ್ಬರು. ನಾವೆಲ್ಲ ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆವು. ನಾನು ತಂಡದಲ್ಲೇ ಸಣ್ಣವನು, ಹಾಗಾಗಿ ಸಣ್ಣ ಡೊಳ್ಳು ಸಿಕ್ಕಿತ್ತು. ನನ್ನ ಪಕ್ಕದವನ ಬಳಿ ಮುಖವೇ ಎರಡು ಅಡಿ ದಾಟಿದ ದೊಡ್ಡ ಡೊಳ್ಳು. ನನಗೆ ಹೊಟ್ಟೆಕಿಚ್ಚು. ದೊಡ್ಡದು ಕೊಡಿ ಎಂದು ದುಂಬಾಲು ಬಿದ್ದಾಗ ಅಜ್ಜ ಹೇಳಿದ್ದು ಇಷ್ಟು: 'ತಮ್ಮಾ, ಡೊಳ್ಳು ದೊಡ್ಡದಾದ್ರ ಸದ್ದು ದೊಡ್ಡದು ಅಂತ ತಿಳಕೋಬ್ಯಾಡ. ಹಗ್ಗ ಎಷ್ಟು ಬಿಗಿ ಐತಿ ನೋಡು, ಎಲ್ಲಿ ನಿಂತು ಬಾರಸ್ತಿ ನೋಡು.'

ಆಗ ಅದು ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಎಂದುಕೊಂಡಿದ್ದೆ. ಬಿ.ಇ. ಓದುವಾಗ ಹಾಸ್ಟೆಲ್ ಗ್ರಂಥಾಲಯದಲ್ಲಿ ಧ್ವನಿಶಾಸ್ತ್ರದ ಒಂದು ಪುಸ್ತಕ ತಿರುವುತ್ತಿದ್ದಾಗ, ಅಜ್ಜ ಹೇಳಿದ ಎರಡೂ ವಿಷಯಗಳು ಅದರಲ್ಲಿ ಸೂತ್ರವಾಗಿ ಕೂತಿದ್ದವು.

ಚರ್ಮದ ಮುಖಕ್ಕೆ ಪೆಟ್ಟು ಬಿದ್ದಾಗ ಅದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎನ್ನುವುದು ಮೂರು ಸಂಗತಿಗಳ ಮೇಲೆ ನಿಂತಿದೆ: ಮುಖದ ಅಗಲ, ಚರ್ಮದ ಬಿಗಿ, ಚರ್ಮದ ತೂಕ. ಒಂದು ಅಡಿ ಅಗಲದ ಮುಖ ಮತ್ತು ಎರಡು ಅಡಿ ಅಗಲದ ಮುಖಕ್ಕೆ ಒಂದೇ ಚರ್ಮವನ್ನು ಒಂದೇ ಬಿಗಿಯಲ್ಲಿ ಹೊಚ್ಚಿದರೆ ದೊಡ್ಡದರ ಕಂಪನ ಸರಿಯಾಗಿ ಅರ್ಧವಾಗುತ್ತದೆ, ಅಂದರೆ ಒಂದು ಸ್ಥಾಯಿ ಕೆಳಗೆ. ಬಿಗಿ ಮಾಡಿ ಅದನ್ನು ಮತ್ತೆ ಮೇಲಕ್ಕೆ ತರಬೇಕೆಂದರೆ ಎರಡರಷ್ಟು ಬಿಗಿದರೆ ಸಾಲದು, ನಾಲ್ಕರಷ್ಟು ಬಿಗಿಯಬೇಕು. ಮಳೆಗಾಲದಲ್ಲಿ ಹಲಗೆಯವರು ಬಾರಿಸುವ ಮೊದಲು ಹುಲ್ಲಿಗೆ ಬೆಂಕಿ ಹಚ್ಚಿ ಮುಖ ಕಾಯಿಸುವುದನ್ನು ನೀವೆಲ್ಲ ನೋಡಿದ್ದೀರಿ. ಚರ್ಮದೊಳಗಿನ ತೇವ ಹೋದರೆ ಅದು ಕುಗ್ಗಿ ಬಿಗಿಯಾಗುತ್ತದೆ, ಸದ್ದು ಮೇಲೇರುತ್ತದೆ.

ಇನ್ನೊಂದು ವಿಶೇಷ. ತಂತಿಯನ್ನು ಮೀಟಿದರೆ ಮೂಲ ಕಂಪನದ ಜೊತೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳೂ ಹುಟ್ಟುತ್ತವೆ, ಅದಕ್ಕೇ ತಂತಿಗೆ ಸ್ವರವಿದೆ. ಬರಿಯ ಚರ್ಮಕ್ಕೆ ಆ ಲೆಕ್ಕ ಇಲ್ಲ. ಅದರ ಉಪಕಂಪನಗಳು 1.59, 2.14, 2.30 ಹೀಗೆ ಎಲ್ಲೆಲ್ಲೋ ಬೀಳುತ್ತವೆ. ಅದಕ್ಕೇ ಡೊಳ್ಳಿಗೆ ಗುಡುಗಿದೆ, ಸ್ವರವಿಲ್ಲ. ಆದರೆ ಮೃದಂಗಕ್ಕೆ ಸ್ವರವಿದೆಯಲ್ಲ? ಅದರ ಗುಟ್ಟು ಬಲಗಡೆಯ ಮುಖದ ನಡುವೆ ಮೆತ್ತುವ ಕಪ್ಪು ಕರಣೆ. ಆ ಕರಣೆಯ ತೂಕ ಚರ್ಮದ ಅಡ್ಡಾದಿಡ್ಡಿ ಕಂಪನಗಳನ್ನು ಎರಡರಷ್ಟು, ಮೂರರಷ್ಟು ಎಂಬ ಸಾಲಿಗೆ ತಂದು ನಿಲ್ಲಿಸುತ್ತದೆ ಎಂದು ತೋರಿಸಿಕೊಟ್ಟವರು ಸರ್ ಸಿ.ವಿ. ರಾಮನ್. 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ವಿಷಯ ಬರೆದರು. 1930ರಲ್ಲಿ ಬೆಳಕಿನ ಸಂಶೋಧನೆಗೆ ನೊಬೆಲ್ ಬಂತು. ಅದಾದ ಮೇಲೂ ಮೃದಂಗವನ್ನು ಬಿಡದೆ 1934ರಲ್ಲಿ ಇನ್ನೂ ವಿಸ್ತಾರವಾದ ಲೇಖನ ಬರೆದರು. ಆಗ ಅವರು ಬೆಂಗಳೂರಿನಲ್ಲಿದ್ದರು. ಇದನ್ನು ಮಕ್ಕಳು ಗಮನಿಸಿ. ನಿಮ್ಮ ಪಾಠದ ಪುಸ್ತಕದಲ್ಲಿ ರಾಮನ್ ಪರಿಣಾಮ ಇರುತ್ತದೆ, ರಾಮನ್ ಅವರ ಮೃದಂಗ ಇರುವುದಿಲ್ಲ.

ಇದು ಅಜ್ಜನ ಮಾತಿನ ಮೊದಲ ಅರ್ಧ. ಎರಡನೆಯ ಅರ್ಧ, 'ಎಲ್ಲಿ ನಿಂತು ಬಾರಿಸುತ್ತೀ' ಎನ್ನುವುದು. ಅದನ್ನು ನಾನು ಮರೆತಿದ್ದೆ, ಆ ಮರೆವಿಗೆ ನಮ್ಮ ಶಾಲೆ ದಂಡ ತೆರುತ್ತಿದೆ.

ಮೈದಾನದಲ್ಲಿ ಡೊಳ್ಳು ಬಾರಿಸಿದರೆ ಸದ್ದು ನಾಲ್ಕೂ ಕಡೆ ಹರಡಿ ಹೋಗುತ್ತದೆ, ವಾಪಸು ಬರುವುದಿಲ್ಲ. ಹತ್ತು ಮೀಟರ್ ದೂರದಲ್ಲಿ ಕೇಳಿದ್ದಕ್ಕಿಂತ ಇಪ್ಪತ್ತು ಮೀಟರಿನಲ್ಲಿ ಅದರ ಬಲ ಕಾಲುಭಾಗ, ನಲವತ್ತರಲ್ಲಿ ಹದಿನಾರನೆಯ ಒಂದು ಭಾಗ. ಆದರೂ ರಾತ್ರಿ ಪಕ್ಕದ ಊರಿನ ಡೊಳ್ಳು ನಮ್ಮೂರಿಗೆ ಕೇಳುತ್ತದಲ್ಲ, ಹೇಗೆ? ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿರುತ್ತದೆ. ಬೆಚ್ಚಗಿನ ಗಾಳಿಯಲ್ಲಿ ಸದ್ದಿನ ವೇಗ ಹೆಚ್ಚು, ಹಾಗಾಗಿ ಮೇಲಕ್ಕೆ ಹೊರಟ ಸದ್ದು ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಅದರಲ್ಲೂ ಕೋಲಿನ ಚಟಚಟ ದಾರಿಯಲ್ಲೇ ಗಾಳಿಗೆ ಕರಗಿ ಹೋಗಿ ಮಂದ್ರದ ಗುಡುಗು ಮಾತ್ರ ಬಂದು ಮುಟ್ಟುತ್ತದೆ. ದೂರದ ಬೆಟ್ಟದ ಹಾಗೆ ದೂರದ ಡೊಳ್ಳೂ ನುಣ್ಣಗೆ.

ನಾಲ್ಕು ಗೋಡೆಯ ಒಳಗೆ ಬಂದರೆ ಲೆಕ್ಕ ಬೇರೆ. ನಿಮ್ಮ ಕಿವಿಗೆ ಡೊಳ್ಳಿನಿಂದ ನೇರ ಬಂದ ಸದ್ದು ಒಂದು. ಅದರ ಹಿಂದೆ ಎಡಗೋಡೆಗೆ ಬಡಿದು ಬಂದದ್ದು, ಬಲಗೋಡೆಗೆ ಬಡಿದದ್ದು, ಛಾವಣಿಗೆ, ನೆಲಕ್ಕೆ, ಹಿಂದಿನ ಗೋಡೆಗೆ ಬಡಿದು ಮತ್ತೆ ಮುಂದಿನ ಗೋಡೆಗೆ ಹೋಗಿ ಬಂದದ್ದು. ಹೀಗೆ ಲೆಕ್ಕವಿಲ್ಲದಷ್ಟು ಪ್ರತಿಗಳು ಒಂದರ ಮೇಲೊಂದು ಬೀಳುತ್ತವೆ. ಸ್ವಲ್ಪ ದೂರ ಹೋದರೆ ನೇರ ಸದ್ದಿಗಿಂತ ಈ ಪ್ರತಿಗಳ ಗುಂಪೇ ದೊಡ್ಡದು. ಕೋಣೆ ತುಂಬುವುದು ಎಂದರೆ ಇದೇ. ಹಿತವಾಗಿ ತುಂಬಿದರೆ ಹಾಡು ಚಂದ. ಅತಿಯಾದರೆ ವಿಜಯಪುರದ ಗೋಲಗುಮ್ಮಟ. ಎಂಟನೆಯ ತರಗತಿಯ ಪ್ರವಾಸದಲ್ಲಿ ನಾವು ಅಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದು ನೆನಪಿದೆಯೇ? ಒಂದು ಚಪ್ಪಾಳೆ ಮತ್ತೆ ಮತ್ತೆ ಕೇಳಿ ನಮಗೆಲ್ಲ ಖುಷಿ. ನಮ್ಮ ಸರ್ ಮಾತ್ರ ಅಲ್ಲಿ ಇತಿಹಾಸ ಹೇಳಲು ಪ್ರಯತ್ನಿಸಿ, ಒಂದು ವಾಕ್ಯವೂ ಯಾರಿಗೂ ತಿಳಿಯದೆ, ಎಲ್ಲರನ್ನೂ ಹೊರಗೆ ಕರೆತಂದು ಹುಲ್ಲಿನ ಮೇಲೆ ಕೂರಿಸಿ ಹೇಳಿದರು. ಸುಲ್ತಾನನ ಗೋರಿಗೆ ಅದು ಸರಿ. ಶಾಲೆಗೆ ಸರಿಯಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ಹಳೆಯ ಹಾಲ್ ಹಿರಿಯರಿಗೆಲ್ಲ ಗೊತ್ತು. ಹಂಚಿನ ಮಾಡು, ಅದರ ಕೆಳಗೆ ಮರದ ರೀಪು, ಗಾಜಿಲ್ಲದ ಮರದ ಕಿಟಕಿಗಳು, ಗೋಡೆಯ ತುದಿ ಮತ್ತು ಮಾಡಿನ ನಡುವೆ ಗುಬ್ಬಿಗಳು ಓಡಾಡುವಷ್ಟು ಸಂದು. ಅದು ಬೀಳುವ ಸ್ಥಿತಿಗೆ ಬಂದಾಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಹೊಸದು ಕಟ್ಟಿಸುವುದೆಂದು ತೀರ್ಮಾನವಾಯಿತು. ಅರವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ, ಹದಿನಾಲ್ಕು ಅಡಿ ಎತ್ತರ. ಊರಿನವರು ಮರಳು ಹಾಕಿದಿರಿ, ಟ್ರ್ಯಾಕ್ಟರ್ ಕೊಟ್ಟಿರಿ, ಕೂಲಿ ಇಲ್ಲದೆ ಎಷ್ಟೋ ದಿನ ದುಡಿದಿರಿ. ಬೆಂಗಳೂರಿನಲ್ಲಿದ್ದ ನಾವು ನಾಲ್ಕೈದು ಜನ ವಾಟ್ಸಾಪಿನಲ್ಲಿ ಸಲಹೆ ಕೊಟ್ಟೆವು. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿ ಎಂದವನು ನಾನು. ಮಕ್ಕಳ ಕೈ ತಾಗಿ ಗೋಡೆ ಹೊಲಸಾಗುತ್ತದೆ, ನಾಲ್ಕು ಅಡಿ ಎತ್ತರದವರೆಗೆ ಗೋಡೆಗೂ ಟೈಲ್ಸ್ ಹಚ್ಚಿ ಎಂದವನೂ ನಾನೇ. ಮರದ ಕಿಟಕಿ ಹಳೆಯ ಕಾಲದ್ದು, ಅಲ್ಯುಮಿನಿಯಂ ಸ್ಲೈಡಿಂಗ್ ಇರಲಿ ಎಂದವನೂ ನಾನೇ. ಮೇಸ್ತ್ರಿ ಒಂದು ಸಲ ಫೋನ್ ಮಾಡಿ, 'ಸರ್, ಇದು ಬಾವಿ ಆದಂಗ ಆಗತೈತೇನೋ' ಎಂದರು. ಅವರ ಮಾತಿಗೆ ನಾನು ಬೆಲೆ ಕೊಡಲಿಲ್ಲ.

ಉದ್ಘಾಟನೆಯ ದಿನ ಭವನ ತುಂಬಿ ಬಾಗಿಲಲ್ಲೂ ಜನ ನಿಂತಿದ್ದರು. ಭಾಷಣಗಳೆಲ್ಲ ಚೆನ್ನಾಗಿ ಕೇಳಿದವು. ಇವತ್ತೂ ನನ್ನ ಮಾತು ನಿಮಗೆ ಸ್ಪಷ್ಟವಾಗಿ ಕೇಳುತ್ತಿದೆ ಎಂದುಕೊಳ್ಳುತ್ತೇನೆ. ಅದಕ್ಕೆ ಕಾರಣ ನೀವೇ. ಅದನ್ನು ಆಮೇಲೆ ಹೇಳುತ್ತೇನೆ.

ಮೂರು ತಿಂಗಳಾದ ಮೇಲೆ ನಾನು ಊರಿಗೆ ಬಂದಾಗ ಗಣಿತದ ಮೇಡಂ ಸಿಕ್ಕರು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆಯ ವಿಶೇಷ ತರಗತಿ ಇದೇ ಭವನದಲ್ಲಿ ನಡೆಯುತ್ತದೆ. ನಲವತ್ತೈದು ಮಕ್ಕಳು. ಮೇಡಂ ಸಂಕೋಚದಿಂದಲೇ ಹೇಳಿದರು: 'ಸರ್, ಬೇಜಾರು ಮಾಡ್ಕೋಬೇಡಿ. ಇಲ್ಲಿ ಪಾಠ ಮಾಡಿದರೆ ನನ್ನ ಗಂಟಲು ಹೋಗುತ್ತೆ, ಮಕ್ಕಳಿಗೆ ತಲೆ ನೋಯುತ್ತೆ. ಒಂದು ಸಲ ಕೊನೆಯ ಬೆಂಚಿನಲ್ಲಿ ಕೂತು ನೋಡಿ.'

ಕೂತೆ. ಅವರು ರೇಖಾಗಣಿತ ಹೇಳುತ್ತಿದ್ದರು. ಬಿಂದು ಪಿ, ಬಿಂದು ಬಿ, ಬಿಂದು ಡಿ, ಬಿಂದು ಸಿ. ಕಣ್ಣು ಮುಚ್ಚಿ ಕೇಳಿದರೆ ನನಗೆ ಕೇಳಿದ್ದು ಬಿಂದು ಈ, ಬಿಂದು ಈ, ಬಿಂದು ಈ, ಬಿಂದು ಈ. ಪಕ್ಕದಲ್ಲಿ ಕೂತಿದ್ದ ಹುಡುಗಿಯ ನೋಟ್‌ಬುಕ್ಕಿನಲ್ಲಿ ತ್ರಿಭುಜದ ಎರಡು ಮೂಲೆಗೂ 'ಬಿ' ಎಂದೇ ಬರೆದಿತ್ತು. ಅವಳು ದಡ್ಡಿಯಲ್ಲ. ನಮ್ಮ ಭಾಷೆಯಲ್ಲಾಗಲಿ ಯಾವ ಭಾಷೆಯಲ್ಲಾಗಲಿ, ಸ್ವರಗಳಿಗೆ ಬಲ ಹೆಚ್ಚು, ವ್ಯಂಜನಗಳಿಗೆ ಬಲ ಕಡಿಮೆ, ಆಯಸ್ಸೂ ಕಡಿಮೆ. ಅರ್ಥ ಇರುವುದು ಮಾತ್ರ ಹೆಚ್ಚಾಗಿ ವ್ಯಂಜನದಲ್ಲಿ. ಕಾಲು, ಪಾಲು, ಸಾಲು, ಬಾಲು ಇವುಗಳಲ್ಲಿ ಬೇರೆ ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರದ ಆ ಮೊದಲ ಸದ್ದೊಂದೇ. ಹಿಂದಿನ ಪದದ 'ಈ' ಇನ್ನೂ ಗೋಡೆಯಿಂದ ಗೋಡೆಗೆ ಓಡಾಡುತ್ತಿರುವಾಗ ಈ ಬಡಪಾಯಿ 'ಪ' ಅದರ ಕೆಳಗೆ ಮುಳುಗಿ ಹೋಗುತ್ತದೆ.

ಆಗ ನಾನು ಎರಡನೆಯ ತಪ್ಪು ಮಾಡಿದೆ. ಮೈಕಿನ ವ್ಯವಸ್ಥೆ ದುರ್ಬಲ ಎಂದುಕೊಂಡು ಬೆಂಗಳೂರಿನಿಂದ ದೊಡ್ಡ ಸ್ಪೀಕರ್ ಎರಡು ತಂದೆ. ಸಾಫ್ಟ್‌ವೇರ್‌ನವರ ಬುದ್ಧಿಯೇ ಹಾಗೆ, ಏನು ನಿಧಾನವಾದರೂ ಇನ್ನೊಂದು ಸರ್ವರ್ ಸೇರಿಸು ಎನ್ನುತ್ತೇವೆ. ಮೊದಲಿಗಿಂತ ಕೆಟ್ಟಿತು. ಮಾತು ಎರಡರಷ್ಟು ಜೋರಾದರೆ ಅದರ ಬಾಲವೂ ಎರಡರಷ್ಟು ಜೋರಾಗುತ್ತದೆ. ಗದ್ದಲ ಹೆಚ್ಚಿತೇ ಹೊರತು ಸ್ಪಷ್ಟತೆ ಹೆಚ್ಚಲಿಲ್ಲ.

ಅದೇ ವಾರ ಪ್ರತಿಭಾ ಕಾರಂಜಿಗೆ ನಮ್ಮ ಹುಡುಗಿಯರ ಡೊಳ್ಳಿನ ತಂಡ ತಾಲೀಮು ನಡೆಸಿತ್ತು. ಹೊರಗೆ ಮಳೆ, ಹಾಗಾಗಿ ಭವನದ ಒಳಗೆ. ಹನ್ನೆರಡು ಡೊಳ್ಳು. ಒಂದು ಡೊಳ್ಳಿಗಿಂತ ಹನ್ನೆರಡು ಡೊಳ್ಳು ಹನ್ನೆರಡರಷ್ಟು ಜೋರು ಕೇಳುವುದಿಲ್ಲ, ಇದು ಇನ್ನೊಂದು ಸೋಜಿಗ. ನಮ್ಮ ಕಿವಿಯ ಅಳತೆಯಲ್ಲಿ ಸುಮಾರು ಎರಡರಷ್ಟು ಮಾತ್ರ. ಹೆಚ್ಚಾಗುವುದು ಒಟ್ಟಿಗೆ ಬೀಳುವ ಪೆಟ್ಟಿನ ಸೊಗಸು. ಆ ದಿನ ಸೊಗಸೇ ಇರಲಿಲ್ಲ. ಹುಡುಗಿಯರಿಗೆ ತಮ್ಮ ಪೆಟ್ಟೂ ಪಕ್ಕದವಳ ಪೆಟ್ಟೂ ಬೇರೆಬೇರೆಯಾಗಿ ಕೇಳುತ್ತಿರಲಿಲ್ಲ. ಹೆಜ್ಜೆ ತಪ್ಪಿತು. ತಂಡದ ನಾಯಕಿ ಕೋಲು ಕೆಳಗಿಟ್ಟು ಅತ್ತುಬಿಟ್ಟಳು. ಆಮೇಲೆ ಅವರು ಮಳೆ ನಿಂತ ಮೇಲೆ ಕೆಸರಿನಲ್ಲೇ ತಾಲೀಮು ಮಾಡಿದರು.

ದೊಡ್ಡ ಡೊಳ್ಳಿನ ಸದ್ದನ್ನು ಫೋನಿನಲ್ಲಿ ಹಿಡಿದು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಅದರ ಮುಖ್ಯ ಕಂಪನ ಸೆಕೆಂಡಿಗೆ 80ರ ಆಸುಪಾಸು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಭಾಗಿಸಿದರೆ ಒಂದು ಅಲೆಯ ಉದ್ದ 4.3 ಮೀಟರ್, ಅಂದರೆ ಹದಿನಾಲ್ಕು ಅಡಿ. ನಮ್ಮ ಛಾವಣಿಯ ಎತ್ತರವೂ ಹದಿನಾಲ್ಕು ಅಡಿ! ಅಲೆಯ ಉದ್ದಕ್ಕೂ ಎತ್ತರಕ್ಕೂ ಹೀಗೆ ತಾಳೆಯಾದರೆ ಛಾವಣಿಗೂ ನೆಲಕ್ಕೂ ನಡುವೆ ಅಲೆ ನಿಂತುಬಿಡುತ್ತದೆ. ತೊಟ್ಟಿಲು ತೂಗುವಾಗ ಅದರ ಲಯಕ್ಕೆ ಸರಿಯಾಗಿ ಕೈ ಕೊಟ್ಟರೆ ತೂಗು ಹೆಚ್ಚುತ್ತಾ ಹೋಗುತ್ತದಲ್ಲ, ಹಾಗೆ. ನಿಂತ ಅಲೆಯಲ್ಲಿ ಕೆಲವು ಕಡೆ ಸದ್ದು ಎದೆಗೆ ಗುದ್ದುತ್ತದೆ, ಕೆಲವು ಕಡೆ ಮಾಯವಾಗುತ್ತದೆ. ಸಣ್ಣ ಡೊಳ್ಳಾಗಿದ್ದರೆ ಅಥವಾ ಇನ್ನೊಂದಿಷ್ಟು ಹಗ್ಗ ಬಿಗಿದಿದ್ದರೆ ಇಷ್ಟು ಕಾಟ ಇರುತ್ತಿರಲಿಲ್ಲ. ಡೊಳ್ಳಿನ ಅಳತೆಯನ್ನು ಭವನದ ಅಳತೆಯ ಜೊತೆ ಇಟ್ಟು ನೋಡಬೇಕು. ಅಜ್ಜ ಹೇಳಿದ್ದು ಅದನ್ನೇ.

ನನ್ನ ಹಾಗೆಯೇ ತೊಂದರೆಗೆ ಸಿಕ್ಕಿದ ಒಂದು ಶಾಲೆಯ ಕಥೆಯಿದೆ, ಬಹಳ ದೊಡ್ಡ ಶಾಲೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ. 1895ರಲ್ಲಿ ಅಲ್ಲಿ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಭವನ ಕಟ್ಟಿದರು, ಅದರಲ್ಲಿ ಉಪನ್ಯಾಸವೇ ಕೇಳುತ್ತಿರಲಿಲ್ಲ. ಸರಿಮಾಡುವ ಕೆಲಸವನ್ನು ವಾಲೆಸ್ ಸೇಬಿನ್ ಎಂಬ ಭೌತಶಾಸ್ತ್ರದ ಯುವ ಅಧ್ಯಾಪಕನಿಗೆ ಒಪ್ಪಿಸಿದರು. ಆತನ ಬಳಿ ಇದ್ದ ಸಲಕರಣೆ ಒಂದು ಆರ್ಗನ್ ಕೊಳವೆ, ಸಮಯ ಅಳೆಯುವ ಗಡಿಯಾರ, ಮತ್ತು ಸ್ವಂತ ಕಿವಿ. ಕೊಳವೆ ಊದಿಸಿ ನಿಲ್ಲಿಸಿದರೆ ಖಾಲಿ ಭವನದಲ್ಲಿ ಸದ್ದು ಸಾಯಲು ಐದೂವರೆ ಸೆಕೆಂಡ್ ಬೇಕಾಗುತ್ತಿತ್ತು. ಆತ ರಾತ್ರಿ ಹೊತ್ತು ಹತ್ತಿರದ ಸ್ಯಾಂಡರ್ಸ್ ನಾಟಕಶಾಲೆಯಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿಕೊಂಡು ಬಂದು, ಒಂದೊಂದಾಗಿ ಹರಡಿ, ಪ್ರತಿ ಸಲವೂ ಅಳೆದು, ಬೆಳಗಾಗುವುದರೊಳಗೆ ಮತ್ತೆ ಅವನ್ನು ಅಲ್ಲೇ ಇಟ್ಟು ಬರುತ್ತಿದ್ದ. ರಾತ್ರಿಯೇ ಏಕೆಂದರೆ ಹಗಲಿನ ಗಾಡಿಗಳ ಗದ್ದಲದಲ್ಲಿ ಅಳೆಯಲಾಗುತ್ತಿರಲಿಲ್ಲ. ಇಂಥ ಎಷ್ಟೋ ರಾತ್ರಿಗಳ ಫಲವಾಗಿ ಬಂದ ಸೂತ್ರವನ್ನು ಇವತ್ತಿಗೂ ಇಡೀ ಪ್ರಪಂಚ ಬಳಸುತ್ತದೆ: ಭವನದ ಗಾತ್ರವನ್ನು ಘನಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಒಳಗೆ ಸದ್ದು ಹೀರುವ ಒಟ್ಟು ವಿಸ್ತಾರದಿಂದ ಭಾಗಿಸಿದರೆ ಸದ್ದು ಅಡಗುವ ಹೊತ್ತು ಸೆಕೆಂಡಿನಲ್ಲಿ ಸಿಗುತ್ತದೆ. ಈ ಲೆಕ್ಕವನ್ನು ಇಟ್ಟುಕೊಂಡೇ ಬಾಸ್ಟನ್ನಿನ ಸಿಂಫನಿ ಹಾಲ್ ಕಟ್ಟಿದರು. 1900ರಲ್ಲಿ ತೆರೆದ ಆ ಸಂಗೀತ ಭವನಕ್ಕೆ ಇಂದಿಗೂ ಪ್ರಪಂಚದ ಶ್ರೇಷ್ಠ ಭವನಗಳಲ್ಲಿ ಸ್ಥಾನವಿದೆ.

ಸದ್ದು ಹೀರುವ ವಿಸ್ತಾರ ಎಂದರೆ ಏನು? ಸೇಬಿನ್ನನ ಅಳತೆಗೋಲು ತೆರೆದ ಕಿಟಕಿ. ತೆರೆದ ಕಿಟಕಿಗೆ ಬಂದ ಸದ್ದು ಹೊರಗೆ ಹೋಯಿತು, ವಾಪಸು ಬರುವುದಿಲ್ಲ. ಹಾಗಾಗಿ ಅದು ನೂರಕ್ಕೆ ನೂರು ಹೀರುತ್ತದೆ. ಗಿಲಾಯಿ ಮಾಡಿದ ಗೋಡೆ ನೂರಕ್ಕೆ ಎರಡೋ ಮೂರೋ ಹೀರಿ ಉಳಿದದ್ದನ್ನು ಹಿಂದಕ್ಕೆ ಎಸೆಯುತ್ತದೆ. ಟೈಲ್ಸ್ ಇನ್ನೂ ಕಡಿಮೆ. ಕುಳಿತ ಒಬ್ಬ ಮನುಷ್ಯ, ಬಟ್ಟೆಬರೆ ಸಮೇತ, ಸುಮಾರು ಅರ್ಧ ಚದರ ಮೀಟರ್ ತೆರೆದ ಕಿಟಕಿಗೆ ಸಮ.

ಈಗ ಉದ್ಘಾಟನೆಯ ದಿನದ ಗುಟ್ಟು ಗೊತ್ತಾಯಿತಲ್ಲ? ಅವತ್ತು ಮುನ್ನೂರು ಜನರ ಸೀರೆ, ಪಂಚೆ, ಪೇಟಗಳು ಸದ್ದನ್ನು ಹೀರಿದವು. ಜನ ಹೊರಟ ಮೇಲೆ ಉಳಿದದ್ದು ಟೈಲ್ಸ್. ಹಳೆಯ ಹಾಲಿನಲ್ಲಿ ಗುಬ್ಬಿಯ ಸಂದು, ಗಾಜಿಲ್ಲದ ಕಿಟಕಿ, ಹಂಚಿನ ಬಿರುಕು ಎಲ್ಲವೂ ತೆರೆದ ಕಿಟಕಿಯೇ. ನಾವು ಎಲ್ಲವನ್ನೂ ಅಚ್ಚುಕಟ್ಟಾಗಿ ಮುಚ್ಚಿದೆವು. ಸ್ಲೈಡಿಂಗ್ ಕಿಟಕಿಯದ್ದು ಇನ್ನೂ ಒಂದು ತಮಾಷೆ. ಅದನ್ನು ಪೂರ್ತಿ ತೆರೆದರೂ ತೆರೆಯುವುದು ಅರ್ಧ ಮಾತ್ರ. ಒಂದು ಗಾಜು ಇನ್ನೊಂದರ ಹಿಂದೆ ಸರಿದು ಕೂರುತ್ತದೆ, ಅಷ್ಟೇ.

ವಿಜ್ಞಾನದ ಸರ್ ಮತ್ತು ಹತ್ತನೆಯ ತರಗತಿಯ ಮಕ್ಕಳ ಜೊತೆ ಒಂದು ಭಾನುವಾರ ಅಳೆದೆವು. ಬಲೂನ್ ಊದಿ ಸೂಜಿಯಿಂದ ಒಡೆಯುವುದು, ಫೋನಿನಲ್ಲಿ ದಾಖಲಿಸುವುದು, ಸದ್ದು 60 ಡೆಸಿಬೆಲ್ ಇಳಿಯಲು ಎಷ್ಟು ಹೊತ್ತು ಬೇಕು ನೋಡುವುದು. ಖಾಲಿ ಭವನದಲ್ಲಿ 4.2 ಸೆಕೆಂಡ್ ಬಂತು. ನಲವತ್ತೈದು ಮಕ್ಕಳನ್ನು ಕೂರಿಸಿದಾಗ ಎರಡೂವರೆ ಸೆಕೆಂಡ್. ಪಾಠ ಹೇಳುವ ಕೋಣೆಯಲ್ಲಿ ಅದು ಒಂದು ಸೆಕೆಂಡಿನ ಒಳಗಿರಬೇಕು.

ಮೆತ್ತೆ ಎಲ್ಲಿಂದ ತರುವುದು ಎಂದು ಯೋಚಿಸುತ್ತಿದ್ದಾಗ ಒಬ್ಬ ಹುಡುಗ, 'ಸರ್, ನಮ್ಮ ಅವ್ವನ ಕೌದಿ ತರಲೇನ್ರೀ?' ಎಂದ. ಹಳೆಯ ಸೀರೆ, ಧೋತರ ಪದರ ಪದರವಾಗಿ ಇಟ್ಟು ಹೊಲಿದ ಕೌದಿಗಿಂತ ಒಳ್ಳೆಯ ಮೆತ್ತೆ ಯಾವುದಿದೆ? ಸಂಜೆಯೊಳಗೆ ಇಪ್ಪತ್ತನಾಲ್ಕು ಕೌದಿ ಬಂದವು. ಗೋಡೆಗೆ ಅಂಟಿಸಿದಂತೆ ಹಾಕದೆ ನಾಲ್ಕು ಇಂಚು ಬಿಟ್ಟು ಹಗ್ಗದ ಮೇಲೆ ಹಾಕಿದೆವು. ಗೋಡೆಗೆ ತಾಗಿದಲ್ಲಿ ಗಾಳಿ ಅಲುಗಾಡುವುದಿಲ್ಲ, ಅಲುಗಾಡದ ಗಾಳಿಯನ್ನು ಬಟ್ಟೆ ತಡೆಯಲಾರದು. ನಡುವೆ ಸಂದು ಇದ್ದರೆ ಗಾಳಿ ಕೌದಿಯ ಎಳೆಗಳ ನಡುವೆ ನುಸುಳಾಡಿ ಸದ್ದಿನ ಬಲ ಸವೆಯುತ್ತದೆ. ಮತ್ತೆ ಬಲೂನ್ ಒಡೆದೆವು. ಖಾಲಿ ಭವನದ 4.2 ಸೆಕೆಂಡ್ ಹೋಗಿ ಸುಮಾರು ಎರಡು ಆಗಿತ್ತು. ಮಕ್ಕಳು ಕೂತಾಗ 1.6. ಮರುದಿನ ಮೇಡಂ ಸ್ಪೀಕರ್ ಆರಿಸಿ ಬರಿಯ ಗಂಟಲಿನಲ್ಲಿ ಪಾಠ ಮಾಡಿದರು. ಕೊನೆಯ ಬೆಂಚಿನ ಆ ಹುಡುಗಿ ಪಿ, ಬಿ, ಡಿ ಮೂರನ್ನೂ ಸರಿಯಾಗಿ ಬರೆದಳು. ನಾನು ತಂದ ದೊಡ್ಡ ಸ್ಪೀಕರ್‌ಗಳು ಈಗ ಕ್ರೀಡಾಕೂಟಕ್ಕೆ ಮೈದಾನದಲ್ಲಿ ಕೆಲಸಕ್ಕೆ ಬರುತ್ತವೆ.

ಆದರೆ ಕೆಲಸ ಮುಗಿದಿಲ್ಲ. 1.6 ಒಂದಲ್ಲ. ಕೌದಿ ವ್ಯಂಜನಗಳನ್ನು ಉಳಿಸಿತು, ಡೊಳ್ಳಿನ ಗುಡುಗನ್ನು ಮುಟ್ಟಲಿಲ್ಲ. ಹದಿನಾಲ್ಕು ಅಡಿ ಉದ್ದದ ಅಲೆಗೆ ಅರ್ಧ ಇಂಚಿನ ಬಟ್ಟೆ ಯಾವ ಲೆಕ್ಕ? ಅದಕ್ಕೆ ದಪ್ಪ ಪದರ ಬೇಕು, ಹಿಂದೆ ದೊಡ್ಡ ಸಂದು ಬೇಕು, ಇಲ್ಲವೇ ಸದ್ದು ಹೊರಗೆ ಹೋಗಲು ದಾರಿ ಬೇಕು. ಜೊತೆಗೆ ಕೌದಿಗಳು ನಿಮ್ಮ ಮನೆಯವು. ಚಳಿಗಾಲ ಬಂದರೆ ವಾಪಸು ಕೊಡಬೇಕು. ಧೂಳು ಕೂರುತ್ತದೆ, ಇಲಿ ಕಡಿಯುತ್ತದೆ, ಬೆಂಕಿಯ ಭಯವೂ ಇದೆ.

ಮಹೋತ್ಸವದ ನಿಧಿಯಲ್ಲಿ ಉಳಿದ ಹಣದಿಂದ ಶಾಲೆಯ ಮುಂದೆ ಸುವರ್ಣ ಮಹೋತ್ಸವದ ಸ್ವಾಗತ ಕಮಾನು ಕಟ್ಟಿಸಬೇಕೆಂದು ಸಮಿತಿಯಲ್ಲಿ ಚರ್ಚೆಯಾಗಿದೆ. ದಾನಿಗಳ ಹೆಸರು ಕಲ್ಲಿನಲ್ಲಿ ಕೆತ್ತಿಸುವ ಯೋಜನೆ. ನನ್ನ ಹೆಸರೂ ಅದರಲ್ಲಿದೆ. ಕಮಾನು ಬೇಡವೆಂದು ಹೇಳುವಷ್ಟು ದೊಡ್ಡವನು ನಾನಲ್ಲ, ಊರಿಗೆ ಅದೊಂದು ಶೋಭೆ, ಅದನ್ನು ಬಯಸಿದ ಹಿರಿಯರ ಪ್ರೀತಿ ನನಗೆ ಗೊತ್ತಿದೆ. ಆದರೆ ಸಂಜೆ ನಾಲ್ಕಕ್ಕೆ ನಡೆಯುವ ಸಭೆಯಲ್ಲಿ ನಾನು ಬೇರೆ ಸೂಚನೆ ಮಂಡಿಸುತ್ತೇನೆ, ಮೊದಲೇ ತಿಳಿಸಿರಲಿ ಎಂದು ಇಲ್ಲಿ ಹೇಳುತ್ತಿದ್ದೇನೆ. ಛಾವಣಿಯ ಕೆಳಗೆ ಒಂದು ಅಡಿ ಸಂದು ಬಿಟ್ಟು ಮರದ ನಾರಿನ ಹಲಗೆಗಳನ್ನು ಕಟ್ಟಿಸುವುದು. ಸ್ಲೈಡಿಂಗ್ ತೆಗೆದು ಪೂರ್ತಿ ತೆರೆಯುವ ಕಿಟಕಿ ಕೂರಿಸುವುದು. ಹಿಂದಿನ ಗೋಡೆಯ ಟೈಲ್ಸ್ ಕಿತ್ತು ಹಾಕುವುದು. ಕೊನೆಯದರ ಖರ್ಚು ನನ್ನದು, ಏಕೆಂದರೆ ಹಚ್ಚಿಸಿದವನು ನಾನು. ಮೇಸ್ತ್ರಿಯವರು ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಅಣ್ಣಾ, ಅವತ್ತು ನಿಮ್ಮ ಮಾತು ಕೇಳಬೇಕಿತ್ತು. ಈ ಸಲ ನೀವು ಹೇಳಿದಂತೆ ಆಗಲಿ. ಅಂದಾಜು ಪಟ್ಟಿಯನ್ನು ಅವರೇ ಹಾಕಿಕೊಟ್ಟಿದ್ದಾರೆ, ಕಚೇರಿಯ ಸೂಚನಾ ಫಲಕದಲ್ಲಿ ಅಂಟಿಸಿದ್ದೇವೆ, ದಯವಿಟ್ಟು ಎಲ್ಲರೂ ಓದಿಕೊಂಡು ಸಭೆಗೆ ಬನ್ನಿ. ಎದುರು ಮಾತಾಡುವವರೂ ಬನ್ನಿ.

ಬೆಳಿಗ್ಗೆ ಕೌದಿ ಕೇಳಿದ ಅಜ್ಜಿಗೆ ಒಂದು ಮಾತು. ಅಜ್ಜಿ, ನಿಮ್ಮ ಕೌದಿ ಬಲಗಡೆಯಿಂದ ಐದನೆಯದು, ಕೆಂಪು ಅಂಚಿನದು. ಅದನ್ನು ಇವತ್ತು ಸಂಜೆಯೇ ಮಡಚಿ ಮನೆಗೆ ತಂದು ಕೊಡುತ್ತೇನೆ. ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದು ನೀವು ಹೇಳಿದರೆ ಇಲ್ಲೇ ಇರುತ್ತದೆ.

ಈಗ ಊಟದ ಹೊತ್ತು. ಊಟವಾದ ಮೇಲೆ ನಮ್ಮ ಹುಡುಗಿಯರ ಡೊಳ್ಳು ಕುಣಿತವಿದೆ. ಕಾರ್ಯಕ್ರಮ ಪಟ್ಟಿಯಲ್ಲಿ 'ಸಭಾಭವನದಲ್ಲಿ' ಎಂದು ತಪ್ಪಾಗಿ ಅಚ್ಚಾಗಿದೆ. ಕುಣಿತ ಮೈದಾನದಲ್ಲಿ, ಬೇವಿನ ಮರದ ಆಚೆ. ಎಲ್ಲರೂ ಅಲ್ಲಿಗೆ ಬರಬೇಕು.